ಕತ್ತರಿ, ಇಸ್ತ್ರಿಪೆಟ್ಟಿಗೆ ಮತ್ತು ಒಂದು ಗೋಡೆ

ಪಿ.ಬಿ. ಶ್ರೀನಿವಾಸರ ಹಾಡುಗಳಾಚೆ ನನ್ನ ಸಂಗೀತಜ್ಞಾನ ಹೋದದ್ದಿಲ್ಲ. ಸ್ಯಾಂಟ್ರಿಯ ನಮ್ಮ ಮನೆಯ ಮಹಡಿಯಿಂದ ಡಬಡಬ ಸದ್ದು ಬಂದರೆ "ಸ್ವಲ್ಪ ಕಡಿಮೆ ಮಾಡಮ್ಮಾ" ಎನ್ನುವುದಷ್ಟೇ ನನ್ನ ವಿಮರ್ಶೆ. ಮೊನ್ನೆ ಮಗಳು ಕೆಳಗಿಳಿದು ಬಂದು, "ಅಪ್ಪಾ, ಇದು ನಿಮ್ಮ ಡಾಕ್ಟರುಗಳ ಸ್ಕಾಲ್ಪೆಲ್‌ನಲ್ಲಿ ಮಾಡಿದ್ದು" ಎಂದು ಒಂದು ಚಿತ್ರ ತೋರಿಸಿದಳು. (ನಾನು ಎಂ.ಡಿ., ಚಾಕು ಹಿಡಿಯುವವನಲ್ಲ. ಇರಲಿ.)

1977ರಲ್ಲಿ ಬಝ್‌ಕಾಕ್ಸ್ ತಂಡದ ಹಾಡಿನ ತಟ್ಟೆಗೆ ಮಾಡಿದ ಹೊದಿಕೆ ಅದು. ಬರಿಮೈಯ ಹೆಣ್ಣು, ತಲೆಯ ಜಾಗದಲ್ಲಿ ಇಸ್ತ್ರಿಪೆಟ್ಟಿಗೆ! ಮಾಡಿದವರು ಮ್ಯಾಂಚೆಸ್ಟರಿನಲ್ಲಿ ಓದುತ್ತಿದ್ದ ಲಿಂಡರ್ ಸ್ಟರ್ಲಿಂಗ್. ಗಂಡಸರ ಪತ್ರಿಕೆಯ ಹೆಣ್ಣನ್ನೂ ಗೃಹಿಣಿಯರ ಪತ್ರಿಕೆಯ ಅಡುಗೆಮನೆ ಸಾಮಾನನ್ನೂ ಕತ್ತರಿಸಿ ಒಂದೇ ಹಾಳೆಗೆ ಅಂಟಿಸುವುದು ಆಕೆಯ ವಿದ್ಯೆ. ಆಮೇಲೆ ಲೂಡಸ್ ಎಂಬ ತಂಡ ಕಟ್ಟಿ ಹಾಡಿದರು. 1982ರ ನವೆಂಬರಿನಲ್ಲಿ ಹಸಿಯೆಂಡಾ ಕ್ಲಬ್ಬಿನಲ್ಲಿ ಕೋಳಿಮಾಂಸದ ಚೂರುಗಳನ್ನು ಹೊಲಿದ ಉಡುಪು ತೊಟ್ಟು ವೇದಿಕೆ ಏರಿದರಂತೆ. ಸಸ್ಯಾಹಾರಿಯಾದ ನನ್ನಾಕೆ "ಶಿವಶಿವಾ" ಎಂದು ಒಳಗೆ ಹೋದಳು.

"ಇದರಲ್ಲಿ ಕಲೆ ಎಲ್ಲಿದೆ ಮಗಳೇ?" ಎಂದೆ.

"ಪೋರ್ಟೊಬೆಲ್ಲೋ ಗೋಡೆ ಮರೆತಿರಾ?"

ಮರೆಯುವುದುಂಟೇ? ಬೆಳಗಾವಿಯ ಹುಡುಗಿ, ದಂತವೈದ್ಯೆ ಸವಿತಾ ಹಾಲಪ್ಪನವರ್, 2012ರ ಅಕ್ಟೋಬರ್ 28ರಂದು ಗಾಲ್ವೇಯಲ್ಲಿ ತೀರಿಕೊಂಡಾಗ ಆಕೆಗೆ 31. ಹದಿನೇಳು ವಾರದ ಗರ್ಭ ನಿಲ್ಲುವುದಿಲ್ಲವೆಂದು ಗೊತ್ತಾಗಿತ್ತು. ಆದರೂ ಭ್ರೂಣದ ಎದೆಬಡಿತ ಇರುವತನಕ ಕಾಯಿಸಿದರು. ಅಷ್ಟರಲ್ಲಿ ನಂಜು ರಕ್ತಕ್ಕೇರಿತ್ತು. ಸೆಪ್ಸಿಸ್‌ನಲ್ಲಿ ಒಂದೊಂದು ಗಂಟೆಯ ಬೆಲೆ ಏನೆಂದು ಬಲ್ಲವನು ನಾನು. ಆ ದಿನಗಳಲ್ಲಿ ಸಹೋದ್ಯೋಗಿಯೊಬ್ಬರು ಚಹಾದ ಹೊತ್ತಿನಲ್ಲಿ "ಆಕೆ ನಿಮ್ಮ ಕಡೆಯವಳಲ್ಲವೇ?" ಎಂದಾಗ, "ಹೌದು" ಎಂದು ಮಾತು ಬದಲಿಸಿದ್ದೆ. ಪರದೇಶದ ನೌಕರಿ, ಯಾಕೆ ಬೇಕು ರಗಳೆ ಎಂಬ ಹೆದರಿಕೆ.

2018ರ ಮೇ 25ರ ಜನಮತಗಣನೆಯಲ್ಲಿ ಶೇಕಡ 66.4 ಮಂದಿ ಆ ಕಾನೂನು ಬೇಡವೆಂದರು. ಡಬ್ಲಿನ್ನಿನ ಗೋಡೆಯ ಮೇಲೆ ಬಿಡಿಸಿದ್ದ ಸವಿತಾಳ ಮುಖದ ಸುತ್ತ ಜನ ಬಣ್ಣಬಣ್ಣದ ಚೀಟಿ ಅಂಟಿಸಿದ್ದರು. ಮಗಳೇ ಎಳೆದುಕೊಂಡು ಹೋದಳು. ನಾನೂ ಒಂದು ಹಳದಿ ಚೀಟಿ ಬರೆದು ಅಂಟಿಸಿದೆ, ಕನ್ನಡದಲ್ಲಿ. "ಏನು ಬರೆದಿರಿ?" ಎಂದಳು. "ಕ್ಷಮಿಸಮ್ಮ ಅಂತ" ಎಂದೆ. ಮುಂದೆ ನಗರ ಗ್ರಂಥಾಲಯದವರು ಆ ಚೀಟಿಗಳನ್ನು ತೆಗೆದಿರಿಸಿದರು.

ಈಗ ಮಗಳ ಕಣ್ಣು ನಮ್ಮ ಸಂಘದ ಹಳೆಯ ಸ್ಮರಣ ಸಂಚಿಕೆಗಳ ಮೇಲೆ ಬಿದ್ದಿದೆ. ಒಡವೆ ಜಾಹೀರಾತು, ಹೋಳಿಗೆ ಮಾಡುವ ವಿಧಾನ ಎಲ್ಲವನ್ನೂ ಕತ್ತರಿಸಬೇಕಂತೆ. ನನ್ನ ಲೇಖನದ ಪುಟವೊಂದನ್ನು ಬಿಡು ಎಂದಿದ್ದೇನೆ. ಬಿಡುವಂತೆ ಕಾಣುವುದಿಲ್ಲ.