ಗುಡುಗುವ ಹೊಗೆಯ ಎರಡು ದಡಗಳು

ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಬೋಧಿಸುತ್ತಿದ್ದ ದಿನಗಳಲ್ಲಿ ಆಫ್ರಿಕಾ ಖಂಡದ ಪಾಠ ಬಂದಾಗಲೆಲ್ಲ, ಕಪ್ಪುಹಲಗೆಯ ಮೇಲಿನ ಜಾಂಬೆಜಿ ನದಿಗೆ ಸೀಮೆಸುಣ್ಣದಿಂದ ಒಂದು ಅಡ್ಡಗೆರೆ ಎಳೆದು, "ಇದೇ ವಿಕ್ಟೋರಿಯಾ ಜಲಪಾತ" ಎನ್ನುತ್ತಿದ್ದೆ. ಈ ಬರಹ ಓದುವ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ಅದು ನೆನಪಿರಬಹುದು. ಆ ಗೆರೆಯನ್ನು ಕಣ್ಣಾರೆ ಕಾಣುವ ಯೋಗ 2023ರ ಏಪ್ರಿಲ್ ತಿಂಗಳಲ್ಲಿ ನನಗೂ ನನ್ನ ಶ್ರೀಮತಿಗೂ ಒದಗಿತು.

ಅರವತ್ತು ದಾಟಿದವರು ಪ್ರವಾಸಿ ತಂಡದೊಡನೆ ಹೋಗುವುದೇ ಕ್ಷೇಮವೆಂದು ಬಂಧುಗಳು ಹೇಳಿದರು. ತಂಡದೊಡನೆ ಹೋದರೆ ಜಲಪಾತ ನಮ್ಮದಾಗುವುದಿಲ್ಲ, ಗಡಿಯಾರ ಮಾತ್ರ ನಮ್ಮದಾಗುತ್ತದೆ ಎಂಬುದು ಶ್ರೀಮತಿಯ ವಾದ. ಹೀಗಾಗಿ ಟಿಕೆಟ್ಟು, ವಸತಿ, ವೀಸಾ ಎಲ್ಲವನ್ನೂ ನಾವೇ ಹೊಂದಿಸಿಕೊಂಡು, ಅವಲಕ್ಕಿ, ಚಟ್ನಿಪುಡಿಗಳ ಬಲದಿಂದ ಹೊರಟೆವು.

ಈ ಜಲಪಾತದ ಒಂದು ದಡ ಜಾಂಬಿಯಾ, ಇನ್ನೊಂದು ದಡ ಜಿಂಬಾಬ್ವೆ. ಅಗಲ ಸುಮಾರು 1,708 ಮೀಟರ್, ಎತ್ತರ 108 ಮೀಟರ್. ನಮ್ಮ ಜೋಗ 253 ಮೀಟರ್ ಎತ್ತರದಿಂದ ಧುಮುಕುತ್ತದೆ. ಎತ್ತರದಲ್ಲಿ ಹೋಲಿಸಿದರೆ ಇದು ಕಿರಿಯದು. ಆದರೆ ಜೋಗದಲ್ಲಿ ನೀರು ನಾಲ್ಕು ಧಾರೆಗಳಾಗಿ ಇಳಿದರೆ, ಇಲ್ಲಿ ಇಡೀ ನದಿಯೇ ನೆಲ ಬಿರಿದ ಸೀಳಿನೊಳಗೆ ಒಮ್ಮೆಗೇ ಮುಗುಚಿಕೊಳ್ಳುತ್ತದೆ. ಕೆಳಗಿನ ಬಸಾಲ್ಟ್ ಶಿಲೆಯ ಬಿರುಕುಗಳನ್ನು ಕೊರೆಯುತ್ತ ಜಲಪಾತವು ಯುಗಯುಗಗಳಿಂದ ಹಿಂದೆ ಸರಿಯುತ್ತ ಬಂದಿದೆ. ಕೆಳಭಾಗದ ಅಂಕುಡೊಂಕಾದ ಕಮರಿಗಳೆಲ್ಲ ಅದರ ಹಳೆಯ ನೆಲೆಗಳೇ.

1855ರ ನವೆಂಬರಿನಲ್ಲಿ ಇದನ್ನು ಕಂಡ ಡೇವಿಡ್ ಲಿವಿಂಗ್‌ಸ್ಟನ್ ತನ್ನ ರಾಣಿಯ ಹೆಸರನ್ನಿಟ್ಟನು. ಸ್ಥಳೀಯರ ಹೆಸರು ಮೋಸಿ-ಓವಾ-ತುನ್ಯಾ, ಎಂದರೆ ಗುಡುಗುವ ಹೊಗೆ. ಇಷ್ಟು ವರ್ಷ ಮಕ್ಕಳಿಗೆ ರಾಣಿಯ ಹೆಸರನ್ನೇ ಹೇಳಿಕೊಟ್ಟ ನನಗೆ, ಎದುರು ನಿಂತಾಗ ಸರಿಯೆನಿಸಿದ್ದು ಆ ಹಳೆಯ ಹೆಸರು. ಏಪ್ರಿಲಿನ ತುಂಬು ಪ್ರವಾಹದಲ್ಲಿ ಕಣ್ಣಿಗೆ ಕಾಣುವುದಕ್ಕಿಂತ ಕಿವಿಗೆ ಕೇಳುವುದೇ ಹೆಚ್ಚು. ಜಾಂಬಿಯಾದ ಬದಿಯ ಕಿರುಸೇತುವೆಯ ಮೇಲೆ ನೀರು ಕೆಳಗಿನಿಂದ ಮೇಲಕ್ಕೆ ಮಳೆಯಾಗಿ ಸುರಿಯುತ್ತಿತ್ತು. ಬಾಡಿಗೆಗೆ ಪಡೆದ ರೇನ್‌ಕೋಟು ಹೆಸರಿಗಷ್ಟೇ ಇತ್ತು. ನೆನೆದು ತೊಪ್ಪೆಯಾದ ಶ್ರೀಮತಿ ಆಗುಂಬೆಯನ್ನು ನೆನೆದು ನಕ್ಕಳು.

ಎರಡು ದೇಶಗಳನ್ನು ಜೋಡಿಸುವುದು 1905ರಲ್ಲಿ ಕಟ್ಟಿದ ಉಕ್ಕಿನ ಸೇತುವೆ. ರೈಲು ಹಾದುಹೋಗುವಾಗ ಜಲಪಾತದ ತುಂತುರು ಬೋಗಿಗಳ ಮೇಲೆ ಬೀಳಬೇಕೆಂದು ಬಯಸಿದ ಸೆಸಿಲ್ ರೋಡ್ಸ್ ಅದನ್ನು ಕಾಣದೆಯೇ 1902ರಲ್ಲಿ ತೀರಿಕೊಂಡನು. 1975ರ ಆಗಸ್ಟಿನಲ್ಲಿ ಇದೇ ಸೇತುವೆಯ ಮಧ್ಯೆ ರೈಲುಬೋಗಿಯೊಂದನ್ನು ನಿಲ್ಲಿಸಿ, ಅಂದಿನ ರೊಡೀಷಿಯಾದ ಬಿಳಿಯರ ಸರ್ಕಾರವೂ ಕಪ್ಪು ಜನರ ನಾಯಕರೂ ಮಾತುಕತೆಗೆ ಕುಳಿತಿದ್ದರು. ಗಡಿಯ ಒಂದು ಪಕ್ಕ ಇವರು, ಇನ್ನೊಂದು ಪಕ್ಕ ಅವರು. ಮಾತುಕತೆ ಫಲಿಸಲಿಲ್ಲ. ಜಿಂಬಾಬ್ವೆ ಸ್ವತಂತ್ರವಾದದ್ದು 1980ರಲ್ಲಿ.

ನಾವು ಆ ಸೇತುವೆಯನ್ನು ನಡೆದೇ ದಾಟಿದೆವು. ಮಧ್ಯದಲ್ಲಿ ತರುಣನೊಬ್ಬ ಜಿಂಬಾಬ್ವೆಯ ಹಳೆಯ ನೋಟುಗಳನ್ನು ಮಾರುತ್ತಿದ್ದ. 2009ರಲ್ಲಿ ಹೊರಬಂದ ಒಂದು ನೋಟಿನ ಮೇಲೆ ಒಂದರ ಮುಂದೆ ಹದಿನಾಲ್ಕು ಸೊನ್ನೆಗಳು: ನೂರು ಲಕ್ಷ ಕೋಟಿ ಡಾಲರ್! ಹಣದುಬ್ಬರದ ಪಾಠಕ್ಕೆ ಇದಕ್ಕಿಂತ ಉತ್ತಮ ಉಪಕರಣ ಎಲ್ಲಿ ಸಿಕ್ಕೀತು ಎಂದುಕೊಂಡು ಬೆಲೆ ಕೇಳಿದೆ. ಮಾತಿನ ನಡುವೆ ನಾನು ನಿವೃತ್ತ ಶಿಕ್ಷಕನೆಂದು ತಿಳಿದು ಅವನು, "ನನ್ನ ತಂದೆಯೂ ಶಾಲಾ ಶಿಕ್ಷಕರೇ. ಜೀವಮಾನವೆಲ್ಲ ಉಳಿಸಿದ್ದು 2008ರಲ್ಲಿ ಒಂದು ಬ್ರೆಡ್ಡಿಗೂ ಸಾಲದೆ ಹೋಯಿತು" ಎಂದ. ಅವನ ದನಿಯಲ್ಲಿ ದೂರಿರಲಿಲ್ಲ. ಬೆಳಗಿನಿಂದ ಎಲ್ಲರೊಡನೆ ಚೌಕಾಸಿ ಮಾಡಿದ್ದ ಶ್ರೀಮತಿ, ಅವನು ಕೇಳಿದಷ್ಟನ್ನೂ ಮಾತಿಲ್ಲದೆ ಎಣಿಸಿಕೊಟ್ಟಳು.

ತಿಂಗಳು ತಿಂಗಳೂ ಪಿಂಚಣಿ ಬರುವುದನ್ನು ನಾನು ನದಿ ಹರಿಯುವಷ್ಟೇ ಸಹಜವೆಂದು ತಿಳಿದಿದ್ದೆ. ನನ್ನಷ್ಟೇ ದುಡಿದ, ನನ್ನಂತೆಯೇ ಹಾಜರಿ ಕೂಗಿದ, ಉತ್ತರಪತ್ರಿಕೆ ತಿದ್ದಿದ ಒಬ್ಬ ಮನುಷ್ಯನ ಮುಪ್ಪು ಹೀಗೆ ಕಾಗದವಾಗಿಬಿಟ್ಟಿತಲ್ಲ! ನಮ್ಮಿಬ್ಬರ ನಡುವಿನ ವ್ಯತ್ಯಾಸ ಯೋಗ್ಯತೆಯದಲ್ಲ, ಹುಟ್ಟಿದ ದೇಶದ್ದು ಮಾತ್ರ. ತಂಡದ ಬಸ್ಸಿನಲ್ಲಿ ಸೇತುವೆ ದಾಟಿದ್ದರೆ ಈ ಪಾಠ ನನಗೆ ತಪ್ಪಿಹೋಗುತ್ತಿತ್ತು.

ಹೋಗಬಯಸುವವರಿಗೆ ಎರಡು ಮಾತು. ಎರಡೂ ದೇಶಗಳಿಗೆ ಸಲ್ಲುವ 'ಕಾಜಾ' ಎಂಬ ವೀಸಾ ಒಂದಿದೆ. ಅದರ ನಿಯಮಗಳನ್ನು ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ಜಿಂಬಾಬ್ವೆಯ ಬದಿಯಿಂದ ಜಲಪಾತದ ಬಹುಭಾಗ ಕಾಣುತ್ತದೆ. ಜಾಂಬಿಯಾದ ಬದಿ ಅಕ್ಟೋಬರ್, ನವೆಂಬರಿನಲ್ಲಿ ಬಹುಮಟ್ಟಿಗೆ ಒಣಗಿರುತ್ತದೆ. ಸಾಧ್ಯವಾದರೆ ಎರಡನ್ನೂ ನೋಡಿ. ಸೇತುವೆಯನ್ನು ಮಾತ್ರ ನಡೆದೇ ದಾಟಿರಿ, ನಿಧಾನವಾಗಿ, ಎದುರಿಗೆ ಸಿಕ್ಕವರೊಡನೆ ನಾಲ್ಕು ಮಾತನಾಡುತ್ತ.