ಕಾಲಿದ್ದಷ್ಟು ಸೈಕಲ್ ಚಾಚು

ಸಂಜೆ ಐದೂವರೆ, ಆರರ ಹೊತ್ತಿಗೆ ನಮ್ಮೂರು ಸುತ್ತೂರಿನ ಯಾವುದಾದರೂ ಬೀದಿಯಲ್ಲಿ ನಡೆದು ಹೋಗಿ. ಜಗಲಿ ಉಳಿಸಿಕೊಂಡಿರುವ ಮನೆಗಳ ಮುಂದೆಲ್ಲ ಒಂದೇ ಭಂಗಿ. ಬೆನ್ನು ಗೋಡೆಗೆ ಒರಗಿದೆ, ಕಾಲು ಮುಂದಕ್ಕೆ ಚಾಚಿದೆ, ಕೈ ತೊಡೆಯ ಮೇಲಿದೆ. ಗದ್ದೆಯಿಂದ ಬಂದವರು, ನಂಜನಗೂಡಿನ ಬಸ್ಸಿಳಿದವರು, ಮಠಕ್ಕೆ ಹೋಗಿ ಗದ್ದುಗೆಗೆ ಕೈಮುಗಿದು ಬಂದವರು, ಎಲ್ಲರೂ ದಣಿವಾರಿಸಿಕೊಳ್ಳುವುದು ಹೀಗೆಯೇ. ಇದನ್ನು ಯಾರೂ ಕಲಿಸಿಕೊಟ್ಟಿಲ್ಲ, ಬೆನ್ನು ತಾನಾಗಿ ಕಂಡುಕೊಂಡದ್ದು. ಈ ಭಂಗಿಗೆ ಚಕ್ರ ಕಟ್ಟಿದರೆ ಹೇಗಿರುತ್ತದೆ ಎಂಬುದನ್ನು ನಾನು ಅನುಭವಿಸಿದ್ದು ಅರವತ್ತು ದಾಟಿದ ಮೇಲೆ, ನೆದರ್‌ಲ್ಯಾಂಡ್ಸ್‌ನಲ್ಲಿ.

ಅಲ್ಲಿ ಅದಕ್ಕೆ 'ಲಿಗ್‌ಫೀಟ್ಸ್' ಎನ್ನುತ್ತಾರೆ, ಮಲಗು ಸೈಕಲ್ ಎಂದು ಅರ್ಥ. ಜರ್ಮನರದು 'ಲೀಗೆರಾಡ್'. ನಾನು ಒರಗು ಸೈಕಲ್ ಎಂದು ಕರೆಯುತ್ತೇನೆ, ಏಕೆಂದರೆ ಅದರಲ್ಲಿ ಮಲಗುವುದಿಲ್ಲ, ಒರಗಿ ಕೂರುತ್ತೇವೆ. ಸೀಟಿನ ಜಾಗದಲ್ಲಿ ಬೆನ್ನು ತಾಗುವ ಕುರ್ಚಿ, ಪೆಡಲು ಕಾಲ ಕೆಳಗಲ್ಲ, ಕಾಲ ಮುಂದೆ. ದೇಹದ ಭಾರವನ್ನು ಬೆನ್ನೂ ಸೊಂಟವೂ ಹಂಚಿಕೊಳ್ಳುವುದರಿಂದ ಅಂಗೈ ಮರಗಟ್ಟುವುದಿಲ್ಲ, ಕತ್ತು ಹಿಡಿಯುವುದಿಲ್ಲ. ಎರಡು ಚಕ್ರದ್ದೂ ಉಂಟು, ಮೂರು ಚಕ್ರದ್ದೂ ಉಂಟು.

ಮೊನ್ನೆ ಮೈಸೂರಿನಿಂದ ಪರಿಚಯದ ಹುಡುಗನೊಬ್ಬ ಬಂದಿದ್ದ. ಯುರೋಪಿಗೆ ಹೊರಟಿದ್ದಾನೆ, ಅವನ ಹತ್ತಿರ ಇಂಥದೊಂದು ಸೈಕಲ್ ಇದೆ. ''ಇಲ್ಲಿಂದ್ಲೇ ಹೊತ್ಕೊಂಡು ಹೋಗ್ಲಾ ಸಾರ್, ಅಲ್ಲೇ ಬಾಡಿಗೆಗೆ ತಗೊಳ್ಳಾ?'' ಎಂದು ಕೇಳಿದ. ಒಂದು ಮಾತಿನಲ್ಲಿ ಹೇಳಬಹುದಾಗಿದ್ದ ಉತ್ತರಕ್ಕೆ ನಾನು ಎರಡು ಗಂಟೆ ತೆಗೆದುಕೊಂಡೆ. ಬಾಡಿಗೆ ಎಂದ ಕೂಡಲೇ ನನ್ನ ಮನಸ್ಸು ಯುರೋಪಿಗೆ ಹೋಗಲಿಲ್ಲ, ನನ್ನ ಬಾಲ್ಯದ ಸೈಕಲ್ ಶಾಪಿಗೆ ಹೋಯಿತು.

ಆ ಶಾಪು ಎಂದರೆ ಒಂದು ತಗಡಿನ ಮಾಡು, ಒಂದು ಗಾಳಿ ಪಂಪು, ಪಂಕ್ಚರ್ ನೋಡುವ ನೀರಿನ ಬಾಣಲೆ, ಗೋಡೆಗೆ ಆನಿಸಿ ನಿಲ್ಲಿಸಿದ ಏಳೆಂಟು ಸೈಕಲ್ಲು. ಹಿಂದಿನ ಮಡ್‌ಗಾರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದ ನಂಬರು. ಗಂಟೆಗೆ ನಾಲ್ಕಾಣೆ. ಎಷ್ಟು ಗಂಟೆಗೆ ಹೋದೆ, ಎಷ್ಟಕ್ಕೆ ಬಂದೆ ಎಂದು ಬರೆದುಕೊಳ್ಳಲು ಒಂದು ನೋಟ್ ಬುಕ್ಕು. ಮುಷ್ಟಿಯಲ್ಲಿ ನಾಣ್ಯ ಬಿಸಿಯಾಗುವಷ್ಟು ಬಿಗಿಯಾಗಿ ಹಿಡಿದುಕೊಂಡು ನಿಂತರೆ ಶಾಪಿನವರು ನಾಣ್ಯವನ್ನು ನೋಡುತ್ತಿರಲಿಲ್ಲ. ''ಎಲ್ಲಿ, ಕಾಲು ತೋರ್ಸು'' ಎನ್ನುತ್ತಿದ್ದರು. ಕಾಲು ಎಟುಕುವಷ್ಟು ಬೆಳೆದಿದ್ದರೆ ದೊಡ್ಡದು, ಇಲ್ಲದಿದ್ದರೆ ಸಣ್ಣದು. ಸಣ್ಣವೆರಡೂ ಹೋಗಿಬಿಟ್ಟಿದ್ದರೆ ದೊಡ್ಡದರಲ್ಲೇ ಒಳಪೆಡಲು. ಬಾರಿನ ಕೆಳಗೆ ಕಾಲು ತೂರಿಸಿ, ಸೊಂಟ ಒಂದು ಕಡೆ, ತಲೆ ಇನ್ನೊಂದು ಕಡೆ ಮಾಡಿಕೊಂಡು ತುಳಿಯುವ ಆ ವಿದ್ಯೆಯನ್ನು ನನ್ನ ವಾರಿಗೆಯವರು ಯಾರೂ ಮರೆತಿರಲಾರರು. ದೇಹವನ್ನು ಸೈಕಲ್ಲಿಗೆ ಹೊಂದಿಸುವ ಪಾಠ ಅದು. ಅದರ ತಿರುವುಮುರುವಾದ ಪಾಠಕ್ಕೆ, ಸೈಕಲ್ಲನ್ನು ದೇಹಕ್ಕೆ ಹೊಂದಿಸುವುದಕ್ಕೆ, ಎಷ್ಟೋ ವರ್ಷ ಕಾಯಬೇಕಾಯಿತು.

ಎರವಲಿಗೂ ಬಾಡಿಗೆಗೂ ಇರುವ ವ್ಯತ್ಯಾಸವನ್ನು ನಾನು ಕಲಿತದ್ದೂ ಆ ಶಾಪಿನಲ್ಲೇ. ಚಿಕ್ಕಪ್ಪನ ಸೈಕಲ್ ಎರವಲು ತಂದರೆ ಅದರ ಜೊತೆ ಒಂದು ಋಣ ಬರುತ್ತದೆ, ಬೇಗ ತಾ ಎಂಬ ಮಾತು ಬರುತ್ತದೆ. ಬಾಡಿಗೆ ಸೈಕಲ್ ಆ ಒಂದು ಗಂಟೆ ಪೂರ್ತಿ ನಿನ್ನದು. ಆದರೆ ತಂದದ್ದನ್ನು ತಂದ ಹಾಗೆಯೇ ನಿಲ್ಲಿಸಬೇಕು, ಬ್ರೇಕ್ ಕಟ್ಟೆ ಬಿದ್ದುಹೋಗಿದ್ದರೆ ಬಾಯಿಬಿಟ್ಟು ಹೇಳಬೇಕು. ನಮ್ಮದು ದಾಸೋಹದ ಊರು. ಪುಷ್ಯ ಮಾಸದ ಜಾತ್ರೆಯಲ್ಲಿ ಬಂದವರಿಗೆಲ್ಲ ಅನ್ನ, ಮಠದ ಶಾಲೆಯಲ್ಲಿ ಮಕ್ಕಳಿಗೆ ಉಚಿತ ಊಟ, ವಸತಿ, ಪಾಠ. ಕೊಡುವುದು ಹೇಗೆ ಎಂಬುದನ್ನು ಮಠದಲ್ಲಿ ನೋಡಿದೆವು. ಪಡೆದದ್ದನ್ನು ಹಿಂತಿರುಗಿಸುವುದು ಹೇಗೆ ಎಂಬುದನ್ನು ಸೈಕಲ್ ಶಾಪು ಕಲಿಸಿತು.

ಹೊತ್ತುಕೊಂಡು ಹೋಗುವ ಮಾತು ಬಂದಾಗ ನನಗೆ ನಮ್ಮೂರ ಹೊಳೆ ಕಪಿಲೆ ನೆನಪಾಗುತ್ತಾಳೆ. ಸೇತುವೆಗಳು ಕಡಿಮೆ ಇದ್ದ ಕಾಲದಲ್ಲಿ ಈ ಹೊಳೆಯ ಎರಡು ದಡದವರು ಸೈಕಲ್ಲನ್ನು ಹರಿಗೋಲಿನಲ್ಲಿ ಅಡ್ಡ ಮಲಗಿಸಿಕೊಂಡು ದಾಟುತ್ತಿದ್ದರು. ಹ್ಯಾಂಡಲ್ ತಿರುಗಿಸಿ, ಪೆಡಲು ಯಾರಿಗೂ ತಾಗದ ಹಾಗೆ ಜೋಡಿಸಿ ಇಡುವುದೇ ಒಂದು ಕೆಲಸ. ಇಂದು ವಿಮಾನಕ್ಕೆ ಹಾಕುವುದೂ ಅಷ್ಟೇ, ಹೊಳೆ ದೊಡ್ಡದು, ಅಂಬಿಗನ ನಿಯಮ ಹೆಚ್ಚು. ಸಾಮಾನ್ಯ ದರ್ಜೆಯಲ್ಲಿ ಒಂದು ಗಂಟಿಗೆ ಹೆಚ್ಚಿನ ವಿಮಾನಗಳಲ್ಲಿ 23 ಕಿಲೋ, ಉದ್ದ ಅಗಲ ಎತ್ತರ ಮೂರೂ ಕೂಡಿಸಿ 158 ಸೆಂಟಿಮೀಟರ್. ಸೈಕಲ್ ಪೆಟ್ಟಿಗೆ ಈ ಅಳತೆಯನ್ನು ಮೀರಿಯೇ ಮೀರುತ್ತದೆ. ಹಾಗಾಗಿ ಮುಂಚೆಯೇ ತಿಳಿಸಿ, ಬೇರೆ ಹಣ ಕಟ್ಟಿ ಒಪ್ಪಿಗೆ ಪಡೆಯಬೇಕು. ಒರಗು ಸೈಕಲ್ಲಿನ ಕುರ್ಚಿ ಬಿಚ್ಚಬೇಕು, ಪೆಡಲು ಕೂರುವ ಮುಂದಿನ ಕೊಳವೆ ಎಳೆಯಬೇಕು, ಚಕ್ರ ತೆಗೆಯಬೇಕು, ಸಾಧಾರಣ ಸೈಕಲ್ಲಿನದಕ್ಕಿಂತ ಎರಡು ಮೂರು ಪಟ್ಟು ಉದ್ದದ ಸರಪಳಿಯನ್ನು ಸಿಕ್ಕಾಗದಂತೆ ಸುತ್ತಿ ಕಟ್ಟಬೇಕು. ಬ್ಯಾಟರಿ ಜೋಡಿಸಿದ ಸೈಕಲ್ಲಾದರೆ ಬ್ಯಾಟರಿಯನ್ನು ಇಲ್ಲೇ ಬಿಡಬೇಕು. 160 ವ್ಯಾಟ್-ಗಂಟೆ ಮೀರಿದ ಲಿಥಿಯಂ ಬ್ಯಾಟರಿಯನ್ನು ಪ್ರಯಾಣಿಕರು ವಿಮಾನದಲ್ಲಿ ಒಯ್ಯುವಂತಿಲ್ಲ, ಸೈಕಲ್ಲಿನ ಬ್ಯಾಟರಿಗಳು ಸಾಮಾನ್ಯವಾಗಿ ಅದನ್ನು ಮೀರುತ್ತವೆ.

ನಾನೂ ಮನೆಯಾಕೆಯೂ ನೆದರ್‌ಲ್ಯಾಂಡ್ಸ್‌ಗೆ ಹೋದದ್ದು ಮಗಳ ಮನೆಗೆ, ಐಂಡ್‌ಹೋವನ್‌ಗೆ. ಕನ್ನಡದ ಸಂಸಾರಗಳು ಅಲ್ಲಿ ಕಡಿಮೆಯೇನಿಲ್ಲ. ಮಕ್ಕಳನ್ನು ನೋಡಲು ಬರುವ ನಮ್ಮಂಥ ಅಪ್ಪ ಅಮ್ಮಂದಿರ ದಿನಚರಿಯೂ ಹೆಚ್ಚುಕಡಿಮೆ ಒಂದೇ. ಮಗಳು ಅಳಿಯ ಕೆಲಸಕ್ಕೆ, ಮೊಮ್ಮಗು ಶಾಲೆಗೆ, ನಾವು ಕಿಟಕಿಗೆ. ಕಿಟಕಿಯಾಚೆ ಮಾತ್ರ ಬೆಳಗಿನಿಂದ ಸಂಜೆವರೆಗೆ ಸೈಕಲ್ಲಿನ ಹೊಳೆ. ಆ ದೇಶದ ಜನ ಸುಮಾರು 1.8 ಕೋಟಿ, ಸೈಕಲ್ಲು 2.3 ಕೋಟಿಯ ಸುಮಾರು. ಉಟ್ರೆಕ್ಟ್ ರೈಲು ನಿಲ್ದಾಣದ ಕೆಳಗೆ 12,500 ಸೈಕಲ್ ನಿಲ್ಲಿಸುವ ನೆಲಮಾಳಿಗೆ ಕಟ್ಟಿದ್ದಾರೆ, 2019ರಲ್ಲಿ ಪೂರ್ತಿಯಾದದ್ದು. ಅಲ್ಲಿನ ನಿಲ್ದಾಣಗಳಲ್ಲಿ ನೀಲಿ ಹಳದಿ ಬಣ್ಣದ ಬಾಡಿಗೆ ಸೈಕಲ್ಲುಗಳು ಸಾಲಾಗಿ ನಿಂತಿರುವುದನ್ನು ಕಂಡಾಗ ಹಳೆಯ ಶಾಪಿನ ಬಿಳಿ ನಂಬರುಗಳೇ ಕಣ್ಣಮುಂದೆ ಬಂದವು.

ಒರಗು ಸೈಕಲ್ಲು ನಿಲ್ದಾಣದಲ್ಲಿ ಸಿಗುವುದಿಲ್ಲ. ಅದಕ್ಕೆಂದೇ ಇರುವ ಅಂಗಡಿಗೆ ಹೋಗಬೇಕು, ಮೊದಲೇ ಹೇಳಿಯೂ ಇಡಬೇಕು. ಅಳಿಯ ವಿಚಾರಿಸಿದಾಗ ಅಂಗಡಿಯವರು ಮೊದಲು ಕೇಳಿದ್ದು ದಿನಾಂಕವಲ್ಲ, ಹಣವಲ್ಲ, ಕಾಲಿನ ಅಳತೆ. ಅದನ್ನು ಅಳೆಯುವ ಕ್ರಮವನ್ನೂ ಹೇಳಿಕೊಟ್ಟರು. ಬೂಟು ಹಾಕಿಕೊಂಡು ನೆಲದ ಮೇಲೆ ಕೂತು, ಬೆನ್ನನ್ನು ಗೋಡೆಗೆ ಒತ್ತಿ, ಕಾಲು ನೇರ ಚಾಚಿ, ಗೋಡೆಯಿಂದ ಅಂಗಾಲಿನವರೆಗೆ ಟೇಪು ಹಿಡಿಯಬೇಕು. ಮಗಳು ಟೇಪು ತಂದಳು. ನಾವಿಬ್ಬರೂ ಗೋಡೆಗೆ ಒರಗಿ ಕಾಲು ನೀಡಿ ಕೂತೆವು. ಸುತ್ತೂರಿನ ಜಗಲಿಯೇ ಅಲ್ಲಿಗೆ ಬಂದಂತಾಯಿತು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಕೇಳುತ್ತಾ ಬೆಳೆದವರು ನಾವು. ಒರಗು ಸೈಕಲ್ಲಿನಲ್ಲಿ ಕಾಲಿದ್ದಷ್ಟು ಹಾಸಿಗೆಯನ್ನು ಚಾಚುತ್ತಾರೆ. ಪೆಡಲಿರುವ ಮುಂದಿನ ಕೊಳವೆಯನ್ನು ಒಳಗೆ ಹೊರಗೆ ಸರಿಸಿ ಸವಾರನ ಕಾಲಿಗೆ ಕೂರಿಸುತ್ತಾರೆ. ಹೆಚ್ಚು ಸರಿಸಿದರೆ ಸರಪಳಿಗೆ ಕೊಂಡಿ ಸೇರಿಸಬೇಕು, ಇಲ್ಲವೇ ತೆಗೆಯಬೇಕು. ಅಳತೆಯನ್ನು ಮುಂಚೆಯೇ ಕೊಟ್ಟಿರಬೇಕಾದ್ದು ಇದಕ್ಕೇ. ಅಳತೆ ತಪ್ಪಿದರೆ ಮಂಡಿ ನೋವು ಆ ಸಂಜೆಯೇ ತಿಳಿಸುತ್ತದೆ.

ಈ ಸೈಕಲ್ಲು ಹೆಸರಾದ ಕತೆಯಲ್ಲಿ ಒಬ್ಬ ತಾಯಿ ಇದ್ದಾಳೆ. ಫ್ರಾನ್ಸಿನಲ್ಲಿ ಶಾರ್ಲ್ ಮೋಶೆ ಎಂಬ ಕಾರು ತಯಾರಕನಿದ್ದ. ಮಗ ಜಾರ್ಜ್ ಪೆಡಲು ತುಳಿಯುವ ಗಾಡಿ ಬೇಕೆಂದ. ಸೈಕಲ್ ಅಪಾಯ ಎಂದು ತಾಯಿ ಒಪ್ಪಲಿಲ್ಲ. ಅಪ್ಪ ನಾಲ್ಕು ಚಕ್ರದ ಪುಟ್ಟ ಪೆಡಲ್ ಕಾರು ಮಾಡಿಕೊಟ್ಟ. ಅದು ಬೆಳೆದು ದೊಡ್ಡವರ 'ವೆಲೋಕಾರ್' ಆಯಿತು. ವೇಗದಲ್ಲಿ ತಿರುವು ತೆಗೆದುಕೊಂಡರೆ ನಾಲ್ಕು ಚಕ್ರ ಮಗುಚುತ್ತದೆ ಎಂದು ಕಂಡಾಗ ಅದನ್ನು ಉದ್ದಕ್ಕೆ ಅರ್ಧ ಮಾಡಿದಂತೆ ಎರಡು ಚಕ್ರದ ಒರಗು ಸೈಕಲ್ ಮಾಡಿದ. 1933ರ ಜುಲೈ 7ರಂದು ಪ್ಯಾರಿಸ್ಸಿನಲ್ಲಿ ಫ್ರಾನ್ಸಿಸ್ ಫೋರ್ ಅದರ ಮೇಲೆ ಒಂದು ಗಂಟೆಯಲ್ಲಿ 45.055 ಕಿಲೋಮೀಟರ್ ಹೋದ. 1914ರಲ್ಲಿ ಆಸ್ಕರ್ ಎಗ್ ಮಾಡಿದ್ದ 44.247 ಕಿಲೋಮೀಟರಿನ ದಾಖಲೆ ಬಿತ್ತು. ಫೋರ್ ಆ ಕಾಲದ ಮೊದಲ ಸಾಲಿನ ಸವಾರನಲ್ಲ. ಗೆದ್ದದ್ದು ಭಂಗಿ.

ಕಾರಣ ಗಾಳಿ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ, ಅದನ್ನು ಸೀಳಿ ಹೋಗಲು ಬೇಕಾದ ಶಕ್ತಿ ಎಂಟರಷ್ಟು. ಒರಗಿದವನ ಎದೆ ಗಾಳಿಗೆ ಅಡ್ಡ ನಿಲ್ಲುವುದಿಲ್ಲ. ಇಷ್ಟು ಸ್ಪಷ್ಟವಾದ ಗೆಲುವಿಗೆ ಸಿಕ್ಕ ಪ್ರತಿಫಲವೆಂದರೆ ಬಹಿಷ್ಕಾರ. ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ 1934ರಲ್ಲಿ ಸೈಕಲ್ ಎಂದರೆ ಹೀಗೆಯೇ ಇರಬೇಕು ಎಂದು ಅಳತೆ ಗೊತ್ತುಮಾಡಿ ಇದನ್ನು ಪಂದ್ಯಗಳಿಂದ ಹೊರಗಿಟ್ಟಿತು. ಮೋಶೆ ಅದೇ ವರ್ಷ ತೀರಿಕೊಂಡ. ಆ ತೀರ್ಮಾನ ಅನ್ಯಾಯದ್ದು ಎಂದು ನಾನು ಇಂದಿಗೂ ನಂಬಿದ್ದೇನೆ. ಪಂದ್ಯದಲ್ಲಿ ಕಾಣದ್ದು ಅಂಗಡಿಯಲ್ಲಿ ಕಾಣದು, ಅಂಗಡಿಯಲ್ಲಿ ಕಾಣದ್ದು ಬೀದಿಗೆ ಬಾರದು. ಬೆನ್ನು ನೋವಿನ, ಮಂಡಿ ನೋವಿನ ಎಷ್ಟೋ ಜನರಿಗೆ ಒದಗಬಹುದಾಗಿದ್ದ ಗಾಡಿ ಹೀಗೆ ದಶಕಗಳ ಕಾಲ ಮರೆಯಾಯಿತು.

ನಮ್ಮ ಮನೆಯಾಕೆ ಅಂಥವರಲ್ಲಿ ಒಬ್ಬಳು. ಅವಳು ಹುಡುಗಿಯಾಗಿದ್ದಾಗ ಹಳ್ಳಿಯ ಹೆಣ್ಣುಮಕ್ಕಳ ಕೈಗೆ ಸೈಕಲ್ ಕೊಡುವವರಿರಲಿಲ್ಲ. ತಮ್ಮಂದಿರು ಬಾಡಿಗೆ ಸೈಕಲ್ ತಂದಾಗ ಹಿಂದಿನ ಕ್ಯಾರಿಯರ್ ಹಿಡಿದುಕೊಂಡು ಓಡಿದ್ದಷ್ಟೇ ಅವಳ ಪಾಲು. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯವರಿಗೆ ಸೈಕಲ್ ಕೊಡಲು ಶುರುಮಾಡಿದಾಗ, ಎರಡು ಜಡೆಯ ಹುಡುಗಿಯರು ಸಾಲಾಗಿ ಬೆಲ್ ಹೊಡೆಯುತ್ತಾ ಹೋಗುವುದನ್ನು ನೋಡಲು ಅವಳು ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದಳು. ಅಂಗಡಿಯಲ್ಲಿ ಅವಳಿಗೆಂದು ಮೂರು ಚಕ್ರದ್ದನ್ನು ಕೇಳಿದೆವು. ಮುಂದೆ ಎರಡು ಚಕ್ರ, ಹಿಂದೆ ಒಂದು. ಬ್ಯಾಲೆನ್ಸ್ ಕಲಿಯುವ ಕೆಲಸವೇ ಇಲ್ಲ, ನಿಂತರೆ ಕಾಲೂರಬೇಕಾಗಿಲ್ಲ. ಪೆಡಲಿನಿಂದ ಪಾದ ಜಾರಿ ನೆಲಕ್ಕೆ ಸಿಕ್ಕರೆ ಕಾಲಿಗೆ ಪೆಟ್ಟಾಗುತ್ತದೆಂದು ಪಾದಕ್ಕೆ ಪಟ್ಟಿ ಕಟ್ಟಿದರು. ತಗ್ಗಿನ ಗಾಡಿ ದೂರಕ್ಕೆ ಕಾಣಲೆಂದು ಹಿಂದೆ ಉದ್ದನೆಯ ಬಾವುಟ ಸಿಕ್ಕಿಸಿದರು. ಚೂಡಿದಾರದ ದುಪಟ್ಟಾ ಸೊಂಟಕ್ಕೆ ಬಿಗಿದುಕೊಂಡು ಅವಳು ತುಳಿದಳು. ಇಪ್ಪತ್ತು ಗಜ ಹೋಗಿ ತಿರುಗಿ ನೋಡಿ ಕೂಗಿದಳು, ''ಇದು ಜಗಲಿ ಕಣ್ರೀ, ಹೋಗ್ತಾ ಇದೆ!''

ನನ್ನದು ಎರಡು ಚಕ್ರದ್ದು. ಐವತ್ತು ವರ್ಷ ಸೈಕಲ್ ತುಳಿದ ಕಾಲಿಗೂ ಮೊದಲ ಅರ್ಧ ಗಂಟೆ ಹೊಸದೇ. ಹ್ಯಾಂಡಲನ್ನು ಬಿಗಿಹಿಡಿದಷ್ಟೂ ಅದು ತೂರಾಡುತ್ತದೆ, ಭುಜ ಸಡಿಲ ಬಿಟ್ಟು ದೂರ ನೋಡಿದರೆ ನೆಟ್ಟಗೆ ಹೋಗುತ್ತದೆ. ಏರು ಬಂದಾಗ ಎದ್ದು ನಿಂತು ತುಳಿಯುವ ನಮ್ಮ ಪದ್ಧತಿ ನಡೆಯದು, ಗೇರ್ ಇಳಿಸಿ ನಿಧಾನವಾಗಿ ಸುತ್ತಬೇಕು. ಎಲ್ಲಕ್ಕಿಂತ ಎಚ್ಚರ ಬೇಕಾದ್ದು ದಾರಿಯ ಬದಿಗೆ: ಅಲ್ಲಿ ಎಲ್ಲವೂ ಬಲಕ್ಕೆ. ತಿರುವಿನಲ್ಲಿ ನಮ್ಮ ಎಡದ ಅಭ್ಯಾಸ ತಾನಾಗಿ ಮೇಲೆದ್ದು ಬರುತ್ತದೆ.

ಆ ವಾರ ನಾವು ಹೋವೆನ್‌ರಿಂಗ್ ನೋಡಿದೆವು. ಕಾರುಗಳ ಚೌಕದ ಮೇಲೆ ಸೈಕಲ್ಲಿಗೆಂದೇ ಇರುವ, 70 ಮೀಟರ್ ಎತ್ತರದ ಒಂದೇ ಕಂಬಕ್ಕೆ 24 ಹಗ್ಗಗಳಿಂದ ತೂಗುಹಾಕಿದ ಬಳೆಯಂಥ ಸೇತುವೆ. ವ್ಯಾನ್‌ ಗಾಗ್ ಎರಡು ವರ್ಷ ಇದ್ದು ಆಲೂಗಡ್ಡೆ ತಿನ್ನುವ ರೈತರ ಚಿತ್ರ ಬರೆದ ನ್ಯೂನೆನ್ ಹಳ್ಳಿಗೆ ಹೋಗಿಬಂದೆವು. ದಾರಿ ಕೇಳುವ ತೊಂದರೆಯಿಲ್ಲ. ಸೈಕಲ್ ದಾರಿಗಳು ಕೂಡುವಲ್ಲೆಲ್ಲ ನಂಬರಿನ ಕಂಬಗಳಿವೆ. ಯಾವ ನಂಬರಿನಿಂದ ಯಾವುದಕ್ಕೆ ಎಂದು ಚೀಟಿಯಲ್ಲಿ ಬರೆದುಕೊಂಡರೆ ಸಾಕು. 1995ರಲ್ಲಿ ಬೆಲ್ಜಿಯಂನ ಲಿಂಬರ್ಗ್‌ನಲ್ಲಿ ಶುರುವಾದ ಈ ಏರ್ಪಾಟು ನಮ್ಮ ಕಬಿನಿ ನಾಲೆಯ ಏರಿಗಳಿಗೂ ಬಂದರೆ ಎಷ್ಟು ಚೆನ್ನ ಎಂದು ನಾನು ದಾರಿಯುದ್ದಕ್ಕೂ ಅಂದುಕೊಂಡೆ.

ಹುಡುಗನಿಗೆ ಕೊನೆಗೆ ಹೇಳಿದ್ದು ಇದು. ಆಲ್ಪ್ಸ್‌ನಿಂದ ಉತ್ತರ ಸಮುದ್ರದವರೆಗೆ ರೈನ್ ನದಿಯ ಗುಂಟ ತಿಂಗಳುಗಟ್ಟಲೆ ತುಳಿಯುವುದಾದರೆ ನಿನ್ನದನ್ನೇ ಹೊತ್ತುಕೊಂಡು ಹೋಗು. ದಿನವಿಡೀ ಕೂರುವ ಕುರ್ಚಿ ಬೆನ್ನಿಗೆ ಪಳಗಿರಬೇಕು. ಮನೆಯವರನ್ನು ನೋಡಲು ಹೋಗಿ ವಾರ ಹತ್ತು ದಿನ ಸುತ್ತುವುದಾದರೆ ಬಾಡಿಗೆಗೆ ಹಿಡಿ. ಪೆಟ್ಟಿಗೆಯ ಚಿಂತೆಯಿಲ್ಲ, ಆ ನೆಲದ ದಾರಿ ಬಲ್ಲವನೊಬ್ಬ ಅಂಗಡಿಯಲ್ಲಿ ಸಿಗುತ್ತಾನೆ.

ಒಂದು ಮಾತು ನಮ್ಮೂರಿಗೂ ಇದೆ. ಮೈಸೂರಿನಲ್ಲಿ 2017ರ ಜೂನ್‌ನಲ್ಲಿ 450 ಸೈಕಲ್ಲುಗಳೊಂದಿಗೆ 'ಟ್ರಿಣ್ ಟ್ರಿಣ್' ಎಂಬ ಬಾಡಿಗೆ ಸೈಕಲ್ ವ್ಯವಸ್ಥೆ ಶುರುವಾಯಿತು. ಬಾಡಿಗೆ ಸೈಕಲ್ ನಮಗೆ ಹೊಸದಲ್ಲ, ನಾವು ಬಿಟ್ಟುಕೊಟ್ಟದ್ದು. ಸುತ್ತೂರು ಜಾತ್ರೆಯ ಕೃಷಿ ಮೇಳಕ್ಕೂ ವಸ್ತುಪ್ರದರ್ಶನಕ್ಕೂ ಲಕ್ಷಾಂತರ ಜನ ಬರುತ್ತಾರೆ. ಅಲ್ಲಿ ಎರಡು ಮೂರು ಚಕ್ರದ ಒರಗು ಸೈಕಲ್ ನಿಲ್ಲಿಸಿ, ಅರ್ಧ ಗಂಟೆಗೆ ಇಷ್ಟು ಎಂದು ಕೊಡಿ. ಬಾಗಿಲಲ್ಲಿ ನಿಂತು ನೋಡಿದ ಎಷ್ಟೋ ಹೆಂಗಸರು ಸಾಲುಗಟ್ಟುತ್ತಾರೆ.

ಅಲ್ಲಿಯವರೆಗೆ, ಮಕ್ಕಳ ಮನೆಗೆಂದು ಪರದೇಶಕ್ಕೆ ಹೊರಟಿರುವ ಹಿರಿಯರೇ, ಉಪ್ಪಿನಕಾಯಿಯ ಬಾಟಲಿ ಕಟ್ಟುವ ಮುಂಚೆ ಒಮ್ಮೆ ಗೋಡೆಗೆ ಒರಗಿ ಕಾಲು ಚಾಚಿ ಕೂತುಕೊಳ್ಳಿ. ಗೋಡೆಯಿಂದ ಅಂಗಾಲಿಗೆ ಎಷ್ಟು ಎಂದು ಅಳೆದು, ಚೀಟಿಯಲ್ಲಿ ಬರೆದು, ಪಾಸ್‌ಪೋರ್ಟಿನ ಜೊತೆ ಇಟ್ಟುಕೊಳ್ಳಿ.