ಐದೂವರೆ ತಾಸಿನ ಫರಕು

ಇಂಡಿಯಿಂದ ಸೋದರಮಾವ ಫೋನು ಮಾಡಿದರೆ ಮೊದಲು ಲಿಂಬಿಯ ಧಾರಣೆ, ಆಮೇಲೆ ಮಳೆ, ಆಮೇಲೆ ಯಾರದಾದರೂ ಲಗ್ನ. ಅವತ್ತು ಈ ಮೂರನ್ನೂ ಬಿಟ್ಟು ನೇರ ಮಾತಿಗೇ ಬಂದ. "ಅಳಿಯಾ, ನೀ ಹಾಕಿಕೊಟ್ಟ ಪೆಂಗ್ವಿನ್ ಕೆಟ್ಟದ ನೋಡು. ಚಾಲೂ ಏನೋ ಆಗ್ತದ, ಖರೆ ಒಂದು ಪುಟಾನೂ ತಗೀವಲ್ದು. ಫೋನ್‌ದಾಗ ನೆಟ್ ಬರ್ತದ, ಇದಕ್ಕ ಬರವಲ್ದು."

"ಅಯ್ಯ, ಹೌದೇನ್ ಮಾವಾ" ಎಂದು ದನಿಯಲ್ಲಿ ಎಷ್ಟು ಬೇಕೋ ಅಷ್ಟು ಮರುಕ ತುಂಬಿದೆ. ಒಳಗೆ ಮಾತ್ರ ಜಾತ್ರೆ ನಡೆದಿತ್ತು. ಮಂದಿಯ ಮನೆಯ ಕಂಪ್ಯೂಟರ್ ಕೆಟ್ಟರೆ ಖುಷಿಪಡುವುದು ಒಳ್ಳೆಯ ಗುಣವಲ್ಲ, ಒಪ್ಪಿದೆ. ಆದರೆ ನಾನಿರುವುದು ಸಿಂದಗಿಯಲ್ಲಿ, ಮಾವ ಇಂಡಿಯಲ್ಲಿ, ಅಕ್ಕ ಮುದ್ದೇಬಿಹಾಳದಲ್ಲಿ, ಕಾಲೇಜಿನ ಗೆಳೆಯ ಬಸವನ ಬಾಗೇವಾಡಿಯಲ್ಲಿ. ನಾಲ್ಕೂ ಮನೆಗಳ ಕಂಪ್ಯೂಟರಿಗೆ ಪೆಂಗ್ವಿನ್ ಗುರುತಿನ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಹಾಕಿದವನು ನಾನೇ. ಕೆಟ್ಟಾಗ ಬೈಸಿಕೊಳ್ಳುವ ಪಾಳಿ ನನ್ನದಾದರೆ ಖುಷಿಯೂ ನನಗೇ ಸಲ್ಲಬೇಕು.

ಈ ಹುಚ್ಚು ಬಂದದ್ದು ಅಪ್ಪನಿಂದ. ಅಪ್ಪ ಕಂಪ್ಯೂಟರ್ ಮುಟ್ಟಿದವನಲ್ಲ. ಅಡತಿ ಅಂಗಡಿಯಲ್ಲಿ ಗುಮಾಸ್ತ. ಸಂಜೆ ಕಿರ್ದಿ ಬರೆದು ಶಿಲ್ಕು ಎಣಿಸುವಾಗ ಫರಕು ಬಂತೆಂದರೆ ಮನೆಗೆ ಬರುತ್ತಿರಲಿಲ್ಲ. ನಾನು ಬುತ್ತಿ ಒಯ್ದರೆ, ಕೆಂಪು ರಟ್ಟಿನ ಉದ್ದನೆಯ ಪುಸ್ತಕದ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಇಳಿಯುತ್ತಿದ್ದ. ಒಂದು ರಾತ್ರಿ ನಲವತ್ತೈದು ರೂಪಾಯಿ ಹೊಂದಿರಲಿಲ್ಲ. ಸಾವುಕಾರರಿಗೆ ನಿದ್ದೆ. "ಬಿಡೋ ತಮ್ಮಾ, ನಲವತ್ತೈದು ನಾ ಹಾಕ್ತೀನಿ" ಎಂದರು. ಅಪ್ಪ ತಲೆ ಎತ್ತದೆಯೇ, "ನೀವು ರೊಕ್ಕ ಹಾಕಿದ್ರ ಶಿಲ್ಕು ಹತ್ತತದ್ರಿ, ತಪ್ಪು ಹಂಗ ಉಳೀತದ" ಎಂದ. ಆಮೇಲೆ ನನ್ನ ಕಡೆ ತಿರುಗಿ, "ನಲವತ್ತೈದು ಒಂಬತ್ತರಲೆ ಭಾಗ ಹೋಗ್ತದಿಲ್ಲೋ? ಹೋದ್ರ ಎಲ್ಲೋ ಅಂಕಿ ಅದಲುಬದಲು ಆಗ್ಯಾವ ಅಂತ ತಿಳಿ" ಎಂದ. ಹತ್ತು ನಿಮಿಷದಲ್ಲಿ ಸಿಕ್ಕಿತು. 72 ಬರೆಯುವಲ್ಲಿ 27 ಬರೆದಿದ್ದ.

ಎರಡಂಕಿಯ ಯಾವ ಸಂಖ್ಯೆಯನ್ನು ತಿರುವಿ ಬರೆದರೂ ಫರಕು ಒಂಬತ್ತರ ಮಗ್ಗಿಯಲ್ಲೇ ಬೀಳುತ್ತದೆ ಎಂಬ ಲೆಕ್ಕ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅವತ್ತು ತಿಳಿದದ್ದು ಬೇರೆ: ತಪ್ಪಿಗೆ ಒಂದು ಆಕಾರ ಇರುತ್ತದೆ, ಆ ಆಕಾರವೇ ಅದರ ಮನೆಯ ದಾರಿ ತೋರಿಸುತ್ತದೆ. ಅಪ್ಪನ ಮುಖದಲ್ಲಿ ಆ ಹೊತ್ತು ಕಂಡ ಕಳೆ ಸಂಬಳದ ದಿನವೂ ಕಂಡಿರಲಿಲ್ಲ.

ಲಿನಕ್ಸ್ ನನ್ನ ಕೈಗೆ ಬಂದದ್ದು 2008ರಲ್ಲಿ, ಅಂಚೆಯಲ್ಲಿ. ಆಗ ಉಬುಂಟು ಎಂಬ ಲಿನಕ್ಸ್ ಆವೃತ್ತಿಯ ಮಂಡಳಿಯವರು ಕೇಳಿದವರಿಗೆಲ್ಲ ಪುಕ್ಕಟೆ ಸಿ.ಡಿ. ಕಳಿಸುತ್ತಿದ್ದರು, 2011ರವರೆಗೂ ಕಳಿಸಿದರು. ಪೋಸ್ಟ್‌ಮನ್ ತಂದ ರಟ್ಟಿನ ಲಕೋಟೆಯನ್ನು ಅಪ್ಪ ಹಿಂದೆ ಮುಂದೆ ತಿರುಗಿಸಿ ನೋಡಿ, "ಟಪಾಲು ಖರ್ಚೂ ಅವರದ? ಹಂಗಾದ್ರ ಇದರಾಗ ಏನೋ ಐತಿ" ಎಂದು ಸಂಶಯಪಟ್ಟ. ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ ಎಂಬ ಇಪ್ಪತ್ತೊಂದರ ಹುಡುಗ 1991ರ ಆಗಸ್ಟ್‌ನಲ್ಲಿ ಬರಿ ಹವ್ಯಾಸಕ್ಕೆಂದು ಈ ಲಿನಕ್ಸನ್ನು ಮಾಡುತ್ತಿರುವುದಾಗಿ ಸಾರಿದ ಎಂದು ವಿವರಿಸಿದೆ. ಅಪ್ಪನಿಗೆ ನಂಬಿಕೆ ಬರಲಿಲ್ಲ. ಆದರೆ ಈ ಯಂತ್ರ ತಾನು ಮಾಡಿದ್ದನ್ನೆಲ್ಲ ತಾಸು ಮಿನಿಟು ಸಹಿತ ಬರೆದಿಟ್ಟುಕೊಳ್ಳುತ್ತದೆ ಎಂದು ತೋರಿಸಿದಾಗ ಮಾತ್ರ ಚಾಳೀಸು ಸರಿಪಡಿಸಿಕೊಂಡ. "ಇದು ಕಿರ್ದಿ ಅಲ್ಲೇನೋ!"

ಕಿರ್ದಿಯೇ. ಅದನ್ನು ಲಾಗ್ ಎನ್ನುತ್ತಾರೆ, ನಮ್ಮ ಮನೆಯಲ್ಲಿ ಇವತ್ತಿಗೂ ಕಿರ್ದಿ. ಪರದೆ ಬೆಳಗುವ ಮೊದಲೇ ಶುರುವಾಗುತ್ತದೆ: ಇಷ್ಟು ಮೆಮೊರಿ ಸಿಕ್ಕಿತು, ಇಂಥ ಡಿಸ್ಕು ಕಂಡಿತು, ವೈಫೈ ಚಿಪ್ಪಿಗೆ ಬೇಕಾದ ಕಡತ ಹುಡುಕಿದೆ, ಸಿಗಲಿಲ್ಲ. ಜರ್ನಲ್‌ಸಿಟಿಎಲ್ ಎಂಬ ಆಜ್ಞೆ ಕೊಟ್ಟು, ಹಿಂದಿನ ಸಲ ಚಾಲೂ ಆದಾಗಿನ ಪುಟವನ್ನೂ ತೆಗೆಸಬಹುದು. ನಿನ್ನೆ ಯಾವ ಹೊತ್ತಿನಲ್ಲಿ, ಯಾವ ಸಾಲಿನ ಮೇಲೆ ಉಸಿರು ನಿಂತಿತು ಎಂಬುದು ಕಾಣುತ್ತದೆ.

ನಮ್ಮ ಕಡೆ ಉಸಿರು ನಿಲ್ಲಲು ಕಾರಣ ಬಹಳ ಸಲ ಒಂದೇ. ಮೇ ತಿಂಗಳ ಸಂಜೆ ಎರಿ ಹೊಲದ ಮೇಲಿಂದ ಕೆಂಪಗೆ ಗಾಳಿ ಎದ್ದಿತೆಂದರೆ ಕರೆಂಟು ಹೋಗುತ್ತದೆ. ಯು.ಪಿ.ಎಸ್. ಬ್ಯಾಟರಿ ಮುಪ್ಪಾಗಿದ್ದರೆ ಕಂಪ್ಯೂಟರೂ ಹೋಗುತ್ತದೆ. ಮರುದಿನ ಹಚ್ಚಿದರೆ ಕಪ್ಪು ಪರದೆ, ಮೂಲೆಯಲ್ಲಿ ‘ಇನಿಟ್‌ರಾಮ್‌ಎಫ್‌ಎಸ್’ ಎಂಬ ಬಾಯಿಗೆ ಬಾರದ ಶಬ್ದ, ಮುಂದೆ ಮಿಣುಕುವ ಗೆರೆ. ಮೊದಲ ಸಲ ಕಂಡಾಗ ನನಗೂ ಕೈಕಾಲು ತಣ್ಣಗಾಗಿದ್ದವು, ಸುಳ್ಳು ಹೇಳುವುದಿಲ್ಲ. ಎರಡು ಗುಟುಕು ಚಹಾ ಕುಡಿದು ನೋಡಿದರೆ, ಯಾವ ಡಿಸ್ಕನ್ನು ಕೈಯಿಂದಲೇ ತಪಾಸಣೆ ಮಾಡಬೇಕು ಎಂದು ಮೇಲಿನ ಸಾಲಿನಲ್ಲೇ ಬರೆದಿತ್ತು. ಎಫ್‌ಎಸ್‌ಸಿಕೆ ಎಂದು ಹೊಡೆದು, ಡಿಸ್ಕಿನ ಹೆಸರು ಕೊಟ್ಟು, ಕೇಳಿದ್ದಕ್ಕೆಲ್ಲ ಹೂಂ ಎನ್ನುತ್ತ ಹೋದೆ. ಎದ್ದು ಕೂತಿತು.

ಇಷ್ಟು ಕೆಟ್ಟ ಸ್ಥಿತಿ ಅಪರೂಪ. ಏಕೆಂದರೆ 2001ರಲ್ಲಿ ಲಿನಕ್ಸಿಗೆ ಬಂದ ಎಕ್ಸ್‌ಟ್3, 2008ರ ಕೊನೆಗೆ ಪಕ್ಕಾ ಆದ ಎಕ್ಸ್‌ಟ್4, ಈ ಎರಡೂ ಕಡತ ವ್ಯವಸ್ಥೆಗಳ ಬರವಣಿಗೆಯೂ ಅಡತಿ ಅಂಗಡಿಯದೇ. ಡಿಸ್ಕಿನ ಲೆಕ್ಕದಲ್ಲಿ ಏನನ್ನೇ ಬದಲಿಸುವ ಮೊದಲು, ಏನು ಬದಲಿಸಲಿದ್ದೇನೆ ಎಂದು ಜರ್ನಲ್ ಎಂಬ ಬೇರೆ ಜಾಗದಲ್ಲಿ ಬರೆದುಕೊಂಡು, ಆಮೇಲೆ ಅದನ್ನು ಅದರದರ ಮನೆಗೆ ಏರಿಸುತ್ತವೆ. ಮೊದಲು ಕಿರ್ದಿ, ನಂತರ ಖತಾವಣಿ. ನಡುವೆ ಕರೆಂಟು ಹೋದರೆ ಎದ್ದ ಮೇಲೆ ಕಿರ್ದಿ ನೋಡಿ ಖತಾವಣಿ ಹೊಂದಿಸಿಕೊಳ್ಳುತ್ತವೆ. ನೀವು ಅರ್ಧ ಬರೆದ ಪತ್ರದ ಉಳಿದರ್ಧಕ್ಕೆ ಮಾತ್ರ ಯಾರೂ ಜವಾಬ್ದಾರರಲ್ಲ. ಇದನ್ನು ಹೇಳಿದಾಗ ಅಪ್ಪ, "ಬರೋಬ್ಬರಿ ಐತಿ" ಎಂದಿದ್ದ. ಲಿನಕ್ಸಿಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ನಾನು ಕೇಳಿಲ್ಲ.

ಮಾವನ ವಿಷಯಕ್ಕೆ ಬರುತ್ತೇನೆ. ಇಂಡಿ ಬಸ್ಸು ಹಿಡಿದು ಹೋದೆ. ಮನೆಯ ಮುಂದೆ ಲಿಂಬಿ ಚೀಲಗಳು, ಒಳಗೆ ಅತ್ತಿಯ ಚಹಾ, ಮೇಜಿನ ಮೇಲೆ ಅಪರಾಧಿಯಂತೆ ಕೂತ ಕಂಪ್ಯೂಟರ್. ಪಿಂಗ್ ಮಾಡಿದರೆ ಉತ್ತರ ಬರುತ್ತದೆ, ಅಂದರೆ ನೆಟ್ ಇದೆ. ಬ್ರೌಸರಿನಲ್ಲಿ ಯಾವ ಪುಟ ತೆಗೆದರೂ ಇದು ಸುರಕ್ಷಿತವಲ್ಲ, ವಾಪಸು ಹೋಗಿರಿ ಎಂಬ ಫಲಕ. "ಬಾಗಲಾ ಬಡದ್ರ ಒಳಗಿಂದ ಓ ಅಂತಾರ, ತಗ್ಯಾಂಗಿಲ್ಲ. ಹಂಗದ ನೋಡು" ಎಂದ ಮಾವ. ಅವನಷ್ಟು ಚೆನ್ನಾಗಿ ರೋಗಲಕ್ಷಣ ಹೇಳುವ ಗಿರಾಕಿ ನನಗೆ ಸಿಕ್ಕಿಲ್ಲ.

ಹೊಸ ಸಾಫ್ಟ್‌ವೇರ್ ತರಿಸಲು ಹೋದೆ. ಅದು ಇನ್ನೂ ವಿಚಿತ್ರ ತಕರಾರು ತೆಗೆಯಿತು: ಈ ಪಟ್ಟಿ ಇನ್ನೂ ಜಾರಿಗೆ ಬಂದಿಲ್ಲ. ಹಳತಾಗಿದೆ ಎಂದಿದ್ದರೆ ಅರ್ಥವಿತ್ತು. ಇನ್ನೂ ಜಾರಿಗೆ ಬಂದಿಲ್ಲವೆಂದರೆ? ನಾಳೆಯ ತಾರೀಖಿನ ಚೆಕ್ಕು ತಂದವನಿಗೆ ಬ್ಯಾಂಕಿನವರು ಹೇಳುವ ಮಾತು ಅದು. ಅಲ್ಲಿಗೆ ನನ್ನ ಬೆನ್ನಹುರಿಯಲ್ಲಿ ಸಣ್ಣಗೆ ಕಚಗುಳಿ ಶುರುವಾಯಿತು. ಪರದೆಯ ಮೂಲೆ ನೋಡಿದೆ. ತಾಸು ಏನೋ ಇತ್ತು, ತಾರೀಖು ಎರಡು ವರ್ಷ ಹಿಂದಿನದು. ಜಾಲತಾಣಗಳ ಪ್ರಮಾಣಪತ್ರಗಳಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ಮಾವನ ಕಂಪ್ಯೂಟರಿನ ಪಾಲಿಗೆ ಅವೆಲ್ಲ ಇನ್ನೂ ಹುಟ್ಟಿರಲಿಲ್ಲ.

ಆದರೆ ಎರಡು ವರ್ಷವೇ ಏಕೆ? ಬೋರ್ಡಿನ ಮೇಲಿನ ಗುಂಡಿ ಬ್ಯಾಟರಿ ಸತ್ತರೆ ಗಡಿಯಾರ ಇನ್ನೂ ಬಹಳ ಹಿಂದೆ, ಬೋರ್ಡು ತಯಾರಾದ ಕಾಲಕ್ಕೆ ಹೋಗಿ ಬೀಳಬೇಕು. ಈ ಫರಕು ಹೊಂದಲಿಲ್ಲ. ಕಿರ್ದಿ ತೆಗೆದೆ. ಮೊದಲ ಪುಟದಲ್ಲೇ ಒಂದು ಸಾಲು: ಗಡಿಯಾರ ತೋರಿಸುವ ಹೊತ್ತು ನಾನು ತಯಾರಾದ ಹೊತ್ತಿಗಿಂತ ಹಿಂದಿದೆ, ಮುಂದೆ ಸರಿಸುತ್ತಿದ್ದೇನೆ. ಎಲ್ಲರಿಗಿಂತ ಮೊದಲು ಎದ್ದು ಉಳಿದವರನ್ನೆಲ್ಲ ಎಬ್ಬಿಸುವ ಸಿಸ್ಟಮ್‌ಡಿ ಎಂಬ ತಂತ್ರಾಂಶ ಬರೆದದ್ದು ಅದು. ತಾನು ಹುಟ್ಟುವ ಮೊದಲೇ ತಾನು ಕೆಲಸ ಮಾಡುತ್ತಿರಲು ಸಾಧ್ಯವಿಲ್ಲವಷ್ಟೆ. ಅದಕ್ಕೆ ಗಡಿಯಾರವನ್ನು ತನ್ನ ಹುಟ್ಟಿದ ದಿನಕ್ಕೆ ತಂದು ನಿಲ್ಲಿಸಿದೆ. ಎಂಥ ಸಾವಧಾನದ ತರ್ಕ! ಓದಿ ಜೋರಾಗಿ ನಕ್ಕೆ. ಅತ್ತಿ ಒಳಗಿನಿಂದ ಇಣುಕಿ ಮಾವನ ಮುಖ ನೋಡಿದಳು.

ಬ್ಯಾಟರಿ ಸತ್ತರೂ ನೆಟ್ ಸಿಕ್ಕ ಕೂಡಲೇ ಹೊತ್ತು ತಾನೇ ಸರಿಯಾಗಬೇಕಿತ್ತು. ಆಗದಿದ್ದುದಕ್ಕೆ ಕಾರಣ ಹುಡುಕಿದರೆ, ತಾನೇ ಸರಿಪಡಿಸಿಕೊಳ್ಳುವ ಆ ಸೌಕರ್ಯವನ್ನು ಯಾರೋ ಬಂದ್ ಮಾಡಿದ್ದರು. ಯಾರೋ ಎಂದರೆ ನಾನೇ. ಹಿಂದಿನ ದೀಪಾವಳಿಗೆ ಬಂದಾಗ ಏನೋ ಪ್ರಯೋಗ ಮಾಡಿ ಹಾಗೇ ಬಿಟ್ಟು ಹೋಗಿದ್ದೆ. ಇದನ್ನು ಮಾವನಿಗೆ ಹೇಳುವ ಅಗತ್ಯ ಕಾಣಲಿಲ್ಲ. "ಬ್ಯಾಟರಿ ಹೋಗೇದ ಮಾವಾ" ಎಂದೆ. ಸುಳ್ಳೇನಲ್ಲ. ಗಡಿಯಾರ ರಿಪೇರಿಯವನ ಹತ್ತಿರ ಸಿ.ಆರ್. 2032 ಸಿಕ್ಕಿತು. ಆ ಹೆಸರಿನಲ್ಲೇ ಅಳತೆ ಇದೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಹಾಕಿದೆ, ಹೊತ್ತು ಹೊಂದಿಸಿದೆ, ಬಂದ್ ಮಾಡಿದ್ದನ್ನು ಮತ್ತೆ ಚಾಲೂ ಮಾಡಿದೆ. ಹೋಗುವ ಮುಂದೆ, ಗಡಿಯಾರ ಸ್ಥಳೀಯ ಸಮಯದಲ್ಲಿದೆ, ಇದು ಅಷ್ಟು ಒಳ್ಳೆಯದಲ್ಲ ಎಂಬ ಎಚ್ಚರಿಕೆಯ ಸಾಲು ಕಣ್ಣಿಗೆ ಬಿತ್ತು. ಅದನ್ನೂ ಶಿಸ್ತಾಗಿ ಲಿನಕ್ಸಿನ ಪದ್ಧತಿಗೆ ತಂದು ಎದ್ದೆ. ಮಾವ ಒಂದು ಚೀಲ ಲಿಂಬಿಹಣ್ಣು ಕೊಟ್ಟ.

ಮುದ್ದೇಬಿಹಾಳದ ಅಕ್ಕನ ಮನೆಯ ತೊಂದರೆಗಳಲ್ಲಿ ಇಷ್ಟು ರುಚಿ ಇಲ್ಲ. ಮನೆಯ ಬಗಲಲ್ಲೇ ತೊಗರಿ ರಾಶಿ ನಡೆಯುತ್ತದೆ, ಹೊಟ್ಟು ಹಾರಿ ಫ್ಯಾನಿನಲ್ಲಿ ಸೇರುತ್ತದೆ, ಪ್ರೊಸೆಸರ್ ಕಾದು ಕಂಪ್ಯೂಟರ್ ತಾನೇ ಆರುತ್ತದೆ. ಬ್ರಶ್ಶು ಸಾಕು. ಒಮ್ಮೆ ಮೂರು ಸಲ ಬೀಪ್ ಎಂದು ಸುಮ್ಮನಾಗಿತ್ತು. ರ‍್ಯಾಮ್ ಕಿತ್ತು, ಅದರ ಹಳದಿ ಹಲ್ಲುಗಳನ್ನು ಅಳಿಯನ ಕಂಪಾಸಿನ ರಬ್ಬರಿನಿಂದ ತಿಕ್ಕಿ ಹಾಕಿದೆ. ಅಷ್ಟೇ. ಆದರೂ ಅಕ್ಕ ಓಣಿಯ ತುಂಬ ನನ್ನ ಬಗ್ಗೆ ಹೇಳಿಕೊಂಡು ಬಂದಳು.

ಬಾಗೇವಾಡಿಯ ಗೆಳೆಯನದು ಅಕ್ಷರದ ರೋಗ. ಬಸವಣ್ಣನ ಊರಿನವನಿಗೆ ಇರಬೇಕಾದ್ದೇ: ಅವನಪ್ಪ ಇಪ್ಪತ್ತು ವರ್ಷದ ಹಿಂದೆ ಕೂತು ಟೈಪ್ ಮಾಡಿದ ವಚನಗಳ ಕಡತವೊಂದಿತ್ತು. ಲಿನಕ್ಸಿನಲ್ಲಿ ತೆರೆದರೆ ತಲೆಯ ಮೇಲೆ ಚುಕ್ಕಿ, ಕಾಲಿಗೆ ಬಾಲ ಇರುವ ಯುರೋಪಿನ ಅಕ್ಷರಗಳ ಸಂತೆ. ಹಳೆಯ ಆಸ್ಕಿ ಕಾಲದ ಅಕ್ಷರಶೈಲಿಗಳು ಇಂಗ್ಲಿಷಿನ ಮನೆಗಳಲ್ಲಿ ಕನ್ನಡದ ಚಿತ್ರಗಳನ್ನು ಬಾಡಿಗೆಗೆ ಇಟ್ಟಿದ್ದವು. ಆ ಶೈಲಿ ಇಲ್ಲದ ಕಡೆ ಮೂಲ ಮಾಲೀಕನೇ ಬಾಗಿಲು ತೆಗೆಯುತ್ತಾನೆ. ಯುನಿಕೋಡಿನಲ್ಲಿ ನಮ್ಮ ಅಕ್ಷರಗಳಿಗೆ ಸ್ವಂತ ಮನೆ ಇದೆ, ಲಿನಕ್ಸಿಗೆಂದು ಗುಬ್ಬಿ, ನವಿಲು, ಕೇದಗೆ, ಮಲ್ಲಿಗೆ ಎಂಬ ಮುದ್ದಾದ ಹೆಸರಿನ ಮುಕ್ತ ಅಕ್ಷರಶೈಲಿಗಳೂ ಇವೆ. ಒಯ್ದು ಸೇರಿಸಿದರಾಯಿತು ಎಂದು ನಾನೇ ಒಂದು ಪರಿವರ್ತಕ ಬರೆದು ಹಚ್ಚಿದೆ. ಗೆಳೆಯ ಓದತೊಡಗಿದವನು ಮೊದಲ ಸಾಲಿಗೇ ನಿಂತ. "ಧಮರ್ ಅಂದ್ರ ಯಾರಲೇ?"

ಧರ್ಮ ಧಮರ್ ಆಗಿತ್ತು. ಕರ್ಮ ಕಮರ್, ಸ್ವರ್ಗ ಸ್ವಗರ್. ತಪ್ಪಿನ ಆಕಾರ ನೋಡಿ: ಕೆಟ್ಟದ್ದೆಲ್ಲ ಅರ್ಕಾವತ್ತಿನ ಶಬ್ದಗಳೇ, ಬೇರೆ ಒಂದೂ ಅಲ್ಲ. ನಾವು ಬರೆಯುವಾಗ ಅರ್ಕಾವತ್ತನ್ನು ಮ-ದ ಬಲಕ್ಕೆ ಹಾಕುತ್ತೇವೆ, ಉಚ್ಚರಿಸುವಾಗ ಮ-ಕ್ಕಿಂತ ಮೊದಲು. ಹಳೆಯ ಶೈಲಿ ಕೈ ಬರೆದ ಕ್ರಮ ಹಿಡಿಯುತ್ತದೆ, ಯುನಿಕೋಡು ನಾಲಿಗೆಯ ಕ್ರಮ. 72, 27ರ ಕಥೆಯೇ. ಪರಿವರ್ತಕದಲ್ಲಿ ಒಂದು ಸಾಲು ಸೇರಿಸಿದ ಮೇಲೆ ಧರ್ಮ ತನ್ನ ಜಾಗಕ್ಕೆ ಬಂತು. ವಚನಗಳ ಓಲೆಪ್ರತಿಗಳಲ್ಲಿ ಇಂಥ ಪಲ್ಲಟಗಳನ್ನು ಜೀವನವಿಡೀ ಹುಡುಕಿದ ಎಂ. ಎಂ. ಕಲಬುರ್ಗಿಯವರು ನಮ್ಮ ಸಿಂದಗಿ ತಾಲ್ಲೂಕಿನ ಯರಗಲ್ಲಿನಲ್ಲಿ ಹುಟ್ಟಿದವರು ಎಂದು ಗೆಳೆಯನಿಗೆ ನೆನಪಿಸಿದೆ. ಹೋಲಿಕೆ ಬಹಳ ದೊಡ್ಡದಾಯಿತು ಎಂದು ಅವನು ಹೇಳಿದ. ಆಗಲಿ.

ನನಗೆ ಸಿಟ್ಟು ಬರುವುದು ಎರಡಕ್ಕೆ. ಒಂದು, ‘ಫಾರ್ಮ್ಯಾಟ್ ಹೊಡದುಬಿಡ್ರಿ’ ಎನ್ನುವ ಅಂಗಡಿ ಹುಡುಗರ ಸಲಹೆ. ಶಿಲ್ಕು ಹತ್ತಲಿಲ್ಲವೆಂದು ಕಿರ್ದಿಯನ್ನೇ ಒಲೆಗೆ ಹಾಕುವವರು ಅವರು. ಇನ್ನೊಂದು, ತಾನೇ ಸರಿಹೋಗುವ ಕಂಪ್ಯೂಟರ್. ಬಸ್ಸಿಳಿದು ಬೆವರೊರೆಸಿಕೊಂಡು ಹೋದರೆ, "ಈಗ ಸರಿ ಆಗ್ಯಾದ ನೋಡ್ರಿ, ಸುಮ್ಮನ ತ್ರಾಸು ಕೊಟ್ಟೆವು" ಎನ್ನುತ್ತಾರೆ. ಚಹಾ ಕುಡಿದು ವಾಪಸು ಬರುವಾಗಿನ ನನ್ನ ಮೋರೆ ನೀವು ನೋಡಬಾರದು.

ಬ್ಯಾಟರಿ ಹಾಕಿ ಬಂದ ನಾಲ್ಕನೆಯ ದಿನ ಮಾವನ ಫೋನು. "ನೆಟ್ ಛಲೋ ಬರಾಕತ್ತದ ಅಳಿಯಾ. ಖರೆ ಟ್ಯಾಲಿ ಬರೀಲಾಕ ಆ ಕಡೀ ವಿಂಡೋಸ್ ಹಚ್ಚಿದ್ರ, ಇಲ್ಲಿ ಮುಂಜಾನಿ ಹನ್ನೊಂದಾಗೇದ, ಅದು ಇನ್ನಾ ಐದೂವರಿ ಅಂತದ."

ಹನ್ನೊಂದರಲ್ಲಿ ಐದೂವರೆ ಹೋದರೆ ಐದೂವರೆ. ಗ್ರೀನಿಚ್ಚಿಗೂ ಇಂಡಿಗೂ ಇರುವ ಫರಕು. ಬೋರ್ಡಿನ ಗಡಿಯಾರವನ್ನು ಲಿನಕ್ಸ್ ಗ್ರೀನಿಚ್ಚಿನ ಹೊತ್ತೆಂದು ಓದುತ್ತದೆ, ವಿಂಡೋಸ್ ಊರಿನ ಹೊತ್ತೆಂದು ಓದುತ್ತದೆ. ಎರಡೂ ಇರುವ ಮನೆಯೆಂದೇ ನಾನು ದೀಪಾವಳಿಯಲ್ಲಿ ಅದನ್ನು ಸ್ಥಳೀಯ ಸಮಯಕ್ಕೆ ಇಟ್ಟಿದ್ದೆ. ಮೊನ್ನೆ ಶಿಸ್ತು ಮಾಡಲು ಹೋಗಿ ಕೆಡಿಸಿ ಬಂದಿದ್ದೆ. ಒಂದೇ ಸಾಲಿನ ಆಜ್ಞೆ, ಫೋನಿನಲ್ಲೇ ಬರೆಸಬಹುದು.

"ಮಾವಾ, ಇದು ಬ್ಯಾರೆ ನಮೂನಿ ಕಾಣತದ. ಬಂದs ನೋಡಬೇಕಾಗ್ತದ" ಎಂದೆ.

ಫೋನಿಟ್ಟು, ಗೂಟದ ಮೇಲಿನ ಖಾಲಿ ಕೈಚೀಲ ತೆಗೆದುಕೊಂಡೆ.